ಇಪ್ಪತ್ಮೂರನೇ ಗಿಡ

“ಅದನ್ನ ಕೀಳ್ಬೇಡಿ, ಹೂವಪ್ಪಣ್ಣ.”

ಬಿಂದು ಗುಲಾಬಿ ಸಾಲುಗಳ ನಡುವೆ ಓಡಿಬಂದಳು. ತೋಟದ ಆಳು ಹೂವಪ್ಪನ ಗುದ್ದಲಿ ಅರ್ಧದಲ್ಲೇ ನಿಂತಿತು.

“ಯಾಕೆ ಮಗಾ? ಗಿಡಕ್ಕೆ ಕಟ್ಟಿರೋ ಬಿಲ್ಲೆ ಮೇಲೆ ಇಪ್ಪತ್ಮೂರು ಅಂತಾನೇ ಇದೆಯಲ್ಲ. ನಿಮ್ಮಮ್ಮನೇ ಕೀಳಕ್ಕೆ ಹೇಳಿದ್ದು.”

ಬಿಂದುವಿನ ಅಮ್ಮ ಜ್ಯೋತಿಲಕ್ಷ್ಮಿಗೆ ಹೊಸನಗರದ ಹತ್ತಿರದ ಈ ಗುಲಾಬಿ ತೋಟದಲ್ಲಿ ಒಳ್ಳೆಯ ತಳಿ ಆರಿಸುವ ಕೆಲಸ. ಇಲ್ಲಿ ಅರವತ್ತು ಗಿಡಗಳಿವೆ. ಎಲ್ಲವೂ ಬೀಜದಿಂದ ಹುಟ್ಟಿದವು, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಗಿಡದಲ್ಲಿ ರಾಶಿ ಹೂವು, ಪರಿಮಳವೇ ಇಲ್ಲ. ಇನ್ನೊಂದರಲ್ಲಿ ಹೂವು ನಾಲ್ಕೇ, ಆದರೆ ಅತ್ತರಿಗೆ ಬೇಕಾದ ಎಣ್ಣೆ ಹೆಚ್ಚು. ದಿನಾ ಬೆಳಿಗ್ಗೆ ಅಮ್ಮ ಪ್ರತಿ ಗಿಡದ ಹೂವು ಕೊಯ್ದು, ತೂಗಿ, ಬರೆದಿಡುತ್ತಾಳೆ. ಹೂವೂ ಎಣ್ಣೆಯೂ ಕಡಿಮೆ ಇರುವ ಗಿಡಗಳನ್ನು ಈ ವಾರ ತೆಗೆಯಬೇಕಿತ್ತು.

ದಸರಾ ರಜೆಯ ನಂತರ ಅಮ್ಮ ಮಗಳಿಬ್ಬರೂ ತಾಳಗುಪ್ಪದಿಂದ ಇಲ್ಲಿಗೆ ಬಂದಿದ್ದರು. ಹೊಸ ಕ್ಲಾಸಿನಲ್ಲಿ ಎಲ್ಲರಿಗೂ ಆಗಲೇ ಫ್ರೆಂಡ್ಸ್ ಇದ್ದರು. ಊಟದ ಹೊತ್ತಿನಲ್ಲಿ ಬಿಂದು ನಲ್ಲಿಯ ಹತ್ತಿರ ನಿಂತು ನಿಧಾನವಾಗಿ ನೀರು ಕುಡಿಯುತ್ತಿದ್ದಳು. ಸಂಜೆ ಇಪ್ಪತ್ಮೂರನೇ ಗಿಡದ ಪಕ್ಕ ಕೂತು ಹೋಮ್‌ವರ್ಕ್ ಮಾಡುತ್ತಾ ಅದಕ್ಕೆ ಎಲ್ಲಾ ಹೇಳುತ್ತಿದ್ದಳು.

ಅದನ್ನೇ ಕೀಳುತ್ತಾರೆ ಎಂದು ಗೊತ್ತಾದಾಗ, ನಿನ್ನೆ ಅದರ ಬಿಲ್ಲೆ ಬಿಚ್ಚಿ ಇಪ್ಪತ್ನಾಲ್ಕಕ್ಕೆ ಕಟ್ಟಿದ್ದಳು. ಇಪ್ಪತ್ನಾಲ್ಕರದ್ದನ್ನು ಇದಕ್ಕೆ. ಆದರೆ ಈಗ ಹೂವಪ್ಪ ಇಪ್ಪತ್ನಾಲ್ಕರ ಬುಡಕ್ಕೆ ಗುದ್ದಲಿ ಎತ್ತಿದಾಗ ಅವಳಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಇಪ್ಪತ್ನಾಲ್ಕರ ತುಂಬ ಮೊಗ್ಗುಗಳಿದ್ದವು.

ಅಷ್ಟರಲ್ಲಿ ಅಮ್ಮ ಬಂದಳು. ಬಿಂದು ನೆಲ ನೋಡುತ್ತಾ ಎಲ್ಲಾ ಹೇಳಿದಳು.

“ಇಪ್ಪತ್ನಾಲ್ಕರಲ್ಲೇ ಕಣೇ ಎಣ್ಣೆ ಜಾಸ್ತಿ. ಅಂಥದ್ದು ಇಲ್ಲಿ ಇನ್ನೊಂದಿಲ್ಲ. ಕಿತ್ತಿದ್ರೆ ಮುಗೀತಿತ್ತು. ಬೇರೆ ಯಾವ್ದಾದ್ರೂ ಬಿಲ್ಲೆ ಮುಟ್ಟಿದ್ಯಾ?”

“ಇಲ್ಲಮ್ಮ. ಇವೆರಡೇ.”

“ನೀನೇ ಸರಿ ಮಾಡು.”

ಬಿಂದು ಬಿಲ್ಲೆಗಳನ್ನು ಬಿಚ್ಚಿ ಅದಲುಬದಲು ಕಟ್ಟಿದಳು. ಗಂಟು ಹಾಕಲು ತುಂಬ ಹೊತ್ತು ಹಿಡಿಯಿತು. ಆಮೇಲೆ ದೂರ ಹೋಗಿ ಮಣ್ಣಿನ ಬದುವಿನ ಮೇಲೆ ಗಿಡಗಳಿಗೆ ಬೆನ್ನು ಮಾಡಿ ಕೂತಳು. ಹಿಂದಿನಿಂದ ಗುದ್ದಲಿಯ ಸದ್ದು ಮೂರು ಸಲ ಕೇಳಿಸಿತು.

ಅಮ್ಮ ಬೈಯಲು ಬರುತ್ತಾಳೆ ಎಂದುಕೊಂಡಳು. ಅಮ್ಮ ಬಂದವಳು ಪಕ್ಕದಲ್ಲಿ ಕೂತಳು.

“ಆ ಗಿಡಾನೇ ಯಾಕೆ?”

“ಅದರ ಹತ್ರಾನೇ ಮಾತಾಡ್ತಿದ್ದೆ. ಸ್ಕೂಲಲ್ಲಿ ಯಾರೂ ಮಾತಾಡ್ಸಲ್ಲ.”

ಅಮ್ಮ ಬೆರಳಿಗೆ ಚುಚ್ಚಿದ್ದ ಮುಳ್ಳನ್ನು ಹುಡುಕತೊಡಗಿದಳು.

“ನಾನೂ ಹೂವು ಕೊಯ್ಯೋವಾಗ ಗಿಡಗಳ ಹತ್ರ ಮಾತಾಡ್ತೀನಿ. ಇಲ್ಲಿ ನಂಗಾದ್ರೂ ಯಾರು ಗೊತ್ತು?”

ಬಿಂದು ತಿರುಗಿ ನೋಡಿದಳು. ಅಮ್ಮನಿಗೂ ಹಾಗೆ ಆಗುತ್ತದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

“ಮುಳ್ಳು ನಾನು ತೆಗೀತೀನಿ, ಕೊಡು,” ಎಂದು ಅಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.