ಜನವರಿಯಲ್ಲಿ ಹತ್ತು ಲೀಟರ್ ನೀರು

"ನಿಲ್ಲಿಸಿ! ಅದನ್ನ ಸಿಂಪಡಿಸ್ಬೇಡಿ!"

ತನ್ನ ಗಂಟಲಿನಿಂದ ಇಷ್ಟು ದೊಡ್ಡ ದನಿ ಹೊರಟದ್ದು ಕೇಳಿ ಕಲೀನಾ ತಾನೇ ಬೆಚ್ಚಿದಳು.

ಬೇಲಿಯಾಚೆ ನಿಂತಿದ್ದವನು ಪಕ್ಕದ ತೋಟದ ತುಂಡಿಗೆ ಬಂದ ಹೊಸಬ. ಬೆನ್ನಿಗೆ ಸ್ಪ್ರೇಯರ್ ಡಬ್ಬಿ, ಮೂಗಿಗೆ ಬಿಗಿದ ಕರವಸ್ತ್ರ. ಗಾಳಿ ನೇರವಾಗಿ ಅವಳ ಪಾಲಕ್ ಮಡಿಯ ಕಡೆಗೇ ಬೀಸುತ್ತಿತ್ತು. ಅಪ್ಪ ತೀರಿಕೊಂಡು ಏಳು ವರ್ಷ. ಅಂದಿನಿಂದ ಒಂದು ತೊಟ್ಟು ವಿಷ ಮುಟ್ಟಿಸದೆ ಕಾಪಾಡಿಕೊಂಡು ಬಂದ ಮಣ್ಣು ಅದು!

ಅವನು ಕರವಸ್ತ್ರ ಕೆಳಗೆಳೆದ. "ಏನು ಅಂದ್ಕೊಂಡ್ರಿ ಇದನ್ನ?"

"ವಿಷ... ಗಿಡದ ಹೇನಿಗೆ ಹೊಡೀತಾರಲ್ಲ, ಅದು..."

"ಹತ್ತಿರ ಬನ್ನಿ. ಒಂದ್ಸಲ ಮೂಸಿ ನೋಡಿ."

ಮೂಸುವ ಅಗತ್ಯವೇ ಬೀಳಲಿಲ್ಲ. ಎರಡು ಹೆಜ್ಜೆ ಇಡುವಷ್ಟರಲ್ಲಿ ನಾತ ಮೂಗಿಗೆ ಬಡಿಯಿತು. ಕಲೀನಾಳಿಗೆ ಅದು ಚೆನ್ನಾಗಿ ಗೊತ್ತಿದ್ದ ನಾತ. ಕೊಳೆಸಿದ ತುರಿಕೆಸೊಪ್ಪಿನ ನೀರು!

"ಹದಿನೈದು ದಿನ ಕೊಳೆಸಿದ್ದು. ನಮ್ಮಜ್ಜಿ ಕಲಿಸಿದ್ದು," ಎಂದ ಅವನು. "ಕರವಸ್ತ್ರ ಕಟ್ಟಿದ್ದು ವಿಷಕ್ಕಲ್ಲ, ನಾತಕ್ಕೆ! ನನ್ನ ಹೆಸರು ತೀಮೊನ್. ಕೈ ಕುಲುಕೋಣ ಅಂದ್ರೆ... ಇವತ್ತು ಬೇಡ ಬಿಡಿ."

ಕಲೀನಾ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಕೆನ್ನೆಗಳಿಗೇ ಅದು ಹೊಸದೆನಿಸಿತು.

ಅಷ್ಟರಲ್ಲಿ ಏಪ್ರನ್ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು.

"ಯಾರು ಅವನು? ಏನು ಅಷ್ಟೊಂದು ನಗು?"

ಕಲೀನಾ ತಲೆಯೆತ್ತಲಿಲ್ಲ. ಎತ್ತಿದರೆ ಏನು ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಟ್ರಾಮ್ ಹಳಿಯಾಚೆ, ನಾಲ್ಕನೇ ಮಹಡಿಯ ಅಡುಗೆಮನೆ ಕಿಟಕಿ. ಪಕ್ಕಕ್ಕೆ ಸರಿಸಿದ ಲೇಸಿನ ಪರದೆ. ಅದರ ಹಿಂದೆ ಅಮ್ಮ.

"ಯಾರೂ ಇಲ್ಲಮ್ಮ. ಪಕ್ಕದವರು."

"ಆರು ಗಂಟೆಗೆ ಸೂಪ್ ಬಿಸಿ ಮಾಡ್ತೀನಿ. ತಡ ಮಾಡ್ಬೇಡ. ಬೆಳಗ್ಗೆಯಿಂದ ನನಗೆ ಎದೇಲಿ ಏನೋ ಒಂಥರಾ..."

ಅಮ್ಮ ತೆರೇಸಾಳ ಎದೆಯಲ್ಲಿ ಏಳು ವರ್ಷದಿಂದಲೂ 'ಏನೋ ಒಂಥರಾ' ಇತ್ತು. ತೋರುನ್ ಊರಿನ ಮೂವರು ವೈದ್ಯರು ಪರೀಕ್ಷೆ ಮಾಡಿ, ಏನೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಆದರೂ ದೂರದ ಗ್ದಾನ್ಸ್ಕ್ ನಗರದಲ್ಲಿ ಸಿಕ್ಕಿದ್ದ ಕೆಲಸಕ್ಕೆ ಕಲೀನಾ ಹೋಗಲಿಲ್ಲ. ಈಗ ಅವಳಿಗೆ ಮೂವತ್ತೊಂದು. ಗ್ರಂಥಾಲಯ, ಮನೆ, ಈ ತೋಟದ ತುಂಡು... ಮೂರರ ನಡುವೆ ಅವಳ ಬದುಕು, ಹಗ್ಗ ಎಷ್ಟುದ್ದವೋ ಅಷ್ಟೇ ಸುತ್ತುವ ಕರುವಿನಂತೆ ಸುತ್ತುತ್ತಿತ್ತು.

ಆ ವರ್ಷ ಕಲೀನಾ ಒಂದು ಕಳ್ಳಾಟ ಆಡಿದಳು. ಬಳ್ಳಿ ಬೀನ್ಸನ್ನು ಹಾಕಬೇಕಾಗಿದ್ದ ಮಡಿ ಬಿಟ್ಟು, ಮನೆಯ ಕಡೆ ಮುಖ ಮಾಡಿದ ಅಂಚಿನಲ್ಲಿ ಸಾಲಾಗಿ ಉದ್ದನೆಯ ಕೋಲು ನೆಟ್ಟು ಬಿತ್ತಿದಳು. ಜುಲೈ ಹೊತ್ತಿಗೆ ಬಳ್ಳಿ ತಲೆಗಿಂತ ಎತ್ತರ ಹಬ್ಬಿತು. ಕೆಂಪು ಹೂ, ಅಂಗೈಯಗಲದ ಎಲೆ... ಅದರ ಈಚೆ ನಿಂತರೆ ನಾಲ್ಕನೇ ಮಹಡಿಗೆ ಏನೂ ಕಾಣುತ್ತಿರಲಿಲ್ಲ.

"ಎಲ್ಲಿದ್ದೀಯ? ಕಾಣ್ತಾನೇ ಇಲ್ಲ!"

"ಬೀನ್ಸ್ ಕೀಳ್ತಿದ್ದೀನಮ್ಮ."

"ಒಂದು ಗಂಟೆ ಹೊತ್ತು ಕಿತ್ತು, ತರೋದು ಒಂದು ಹಿಡಿ ಬೀನ್ಸಾ?"

ಬೇಲಿಯ ಆಚೆ ತೀಮೊನ್ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದ. ಫೋನು ಇಟ್ಟೊಡನೆ ತನ್ನ ಬುಟ್ಟಿಯಿಂದ ನಾಲ್ಕು ಹಿಡಿ ಬೀನ್ಸ್ ತೆಗೆದು ಅವಳ ಬುಟ್ಟಿಗೆ ಸುರಿದ. "ತಗೊಳ್ಳಿ. ನಾಳೆಯಿಂದ ನಿಮ್ಮ ಪಾಲಿನದ್ದೂ ನಾನೇ ಕಿತ್ತಿಡ್ತೀನಿ. ನೀವು ಸುಮ್ನೆ ಮಾತಾಡ್ತಾ ನಿಂತ್ಕೊಳ್ಳಿ."

*ಮಾತಾಡ್ತಾ ನಿಂತ್ಕೊಳ್ಳಿ...* ಅಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅವನು ಟ್ರಾಮ್ ಡಿಪೋದಲ್ಲಿ ಬೆಸುಗೆ ಕೆಲಸಗಾರ. ಇನ್ನೂ ಒಂದು ವಿಷಯವಿತ್ತು. ಅಕ್ಟೋಬರ್ ಕೊನೆಯಲ್ಲಿ, ಚಳಿಗಾಲಕ್ಕೆಂದು ತೋಟಗಾರರ ಸಂಘದವರು ತೋಟಗಳ ನಲ್ಲಿ ನಿಲ್ಲಿಸಿದ ದಿನ ಅವನು ಅದನ್ನು ಹೇಳಿದ. ಅವಳನ್ನು ಅವನು ಇನ್ನೂ 'ಪಾನಿ' ಎಂದೇ, ಅಂದರೆ 'ಮೇಡಂ' ಎಂದೇ ಕರೆಯುತ್ತಿದ್ದ.

"ನಾನು ಇಲ್ಲೇ ಇರೋದು, ಪಾನಿ ಕಲೀನಾ. ಈ ಶೆಡ್ಡಲ್ಲೇ. ಅಜ್ಜಿ ಹೋದ್ಮೇಲೆ ಪುರಸಭೆಯವರು ಅವಳ ಬಾಡಿಗೆ ಮನೆ ವಾಪಸ್ ತಗೊಂಡ್ರು. ಬೇರೆ ಜಾಗ ಹುಡುಕ್ತಿದ್ದೀನಿ... ಸಿಕ್ಕಿಲ್ಲ."

ಕಲೀನಾ ಸುತ್ತಲೂ ಒಮ್ಮೆ ನೋಡಿದಳು. ತೋಟದ ಶೆಡ್ಡಿನಲ್ಲಿ ವಾಸ ಮಾಡುವಂತಿಲ್ಲ, ಮಾಡಿದರೆ ತುಂಡು ಕಿತ್ತುಕೊಳ್ಳುತ್ತಾರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ನಿಯಮ.

"ಯಾರಿಗೆ ಗೊತ್ತು ಇದು?"

"ನಿಮಗೆ. ನಿಮಗೆ ಮಾತ್ರ."

ಆ ವಾರವೇ ಹಿಮ ಬಿತ್ತು. ಬೀನ್ಸ್ ಬಳ್ಳಿ ಒಂದೇ ದಿನಕ್ಕೆ ಕಪ್ಪಾಗಿ ಕುಸಿಯಿತು. ಮರೆ ಹೋಯಿತು. ತೋಟವೆಲ್ಲ ಮತ್ತೆ ಕಿಟಕಿಗೆ ಬಟಾಬಯಲು.

ಇನ್ನು ಹೋಗಿ ನಿಂತು ಮಾತಾಡುವಂತಿರಲಿಲ್ಲ. ಕಲೀನಾ ಕಿಟಕಿಯ ಮುಂದೆ ಪಾತ್ರೆ ತೊಳೆಯುತ್ತಾ ಅವನ ಹೊಗೆಗೊಳವೆ ನೋಡುತ್ತಿದ್ದಳು. ಹೊಗೆ ಕಂಡ ದಿನ ಸಮಾಧಾನ. ಕಾಣದ ದಿನ ಕೈಯಲ್ಲಿದ್ದ ತಟ್ಟೆ ಜಾರುತ್ತಿತ್ತು. ಬುಧವಾರ ಮತ್ತು ಶನಿವಾರ, ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ ಐದು ಲೀಟರಿನ ಎರಡು ಕ್ಯಾನ್ ನೀರು ಅವನ ಗೇಟಿನೊಳಗೆ ಇಟ್ಟು ಬರುತ್ತಿದ್ದಳು. ಆ ಹೊತ್ತಿಗೆ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ, ಅಮ್ಮ ಎದ್ದಿರುತ್ತಿರಲಿಲ್ಲ.

ಮಣ್ಣಿಗೆ ಏನು ಹಾಕಿದೆವು, ಯಾವ ದಿನ ಹಾಕಿದೆವು... ಎಲ್ಲವನ್ನೂ ಬರೆದಿಡಬೇಕೆಂದು ಅಪ್ಪ ಕಲಿಸಿದ್ದ. ರಸಗೊಬ್ಬರವಿಲ್ಲದೆ ಬೆಳೆಯುವವರಿಗೆ ಆ ಪುಸ್ತಕವೇ ಇನ್ನೊಂದು ಕಣ್ಣು. ಯಾವ ಮಡಿಯಲ್ಲಿ ಹೋದ ವರ್ಷ ಕೋಸು ಇತ್ತು, ಎಲ್ಲಿಗೆ ಬೂದಿ, ಎಲ್ಲಿಗೆ ಸೊಪ್ಪು. ಕೈಗೆ ಅಂಟಿದ ಆ ಅಭ್ಯಾಸದಿಂದಲೇ ಅವಳು ಇದನ್ನೂ ಬರೆದಳು.

'ಜನವರಿ 14. ಮೈನಸ್ ಒಂಬತ್ತು. ತೀ. ಶೆಡ್ಡಿನಿಂದ ಹೊಗೆ. ನೀರು ಹತ್ತು ಲೀಟರ್.'

ಮಾರ್ಚ್‌ನ ಮೊದಲ ಶನಿವಾರ ತೀಮೊನ್ ಅವಳನ್ನು ಬೇಲಿಯ ಹತ್ತಿರ ಕರೆದ. ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ, ಶೆಡ್ಡಿನ ವಾಸಕ್ಕೆ ಕಾರಣ ಕೇಳಿ ಸಂಘ ಕಳಿಸಿದ ಪತ್ರ.

"ಕೇಳಿ, ಓದ್ತೀನಿ. ಜನವರಿ ಹದಿನಾಲ್ಕು, ಹೊಗೆ, ನೀರು ಹತ್ತು ಲೀಟರ್. ಜನವರಿ ಹದಿನೇಳು, ಹೊಗೆ, ನೀರು ಹತ್ತು ಲೀಟರ್..." ಅವನು ಓದು ನಿಲ್ಲಿಸಿದ. "ಲೀಟರ್ ಎಷ್ಟು ಅಂತ ನನಗೆ ಗೊತ್ತು. ಹೊತ್ತು ತಂದವರಿಗೆ ಗೊತ್ತು. ಇನ್ಯಾರಿಗೆ ಗೊತ್ತು, ಪಾನಿ ಕಲೀನಾ?"

*ಪುಸ್ತಕ...!*

ಅದು ಅಡುಗೆಮನೆಯ ಮೇಜಿನ ಡ್ರಾಯರಿನಲ್ಲಿರುತ್ತಿತ್ತು. ಎರಡು ವಾರದಿಂದ ಕಾಣುತ್ತಿರಲಿಲ್ಲ. ಎಲ್ಲೋ ಮರೆತಿದ್ದೇನೆ ಎಂದುಕೊಂಡಿದ್ದಳು.

'ಅಮ್ಮ ಕೊಟ್ಟಿದ್ದು' ಎಂದು ಹೇಳಲು ಬಾಯಿ ತೆರೆದಳು. ಹೇಳುವುದು ಹೇಗೆ? ಮೂವತ್ತೊಂದು ವರ್ಷದವಳ ಡ್ರಾಯರನ್ನು ಅಮ್ಮ ಹುಡುಕುತ್ತಾಳೆ ಎಂದೇ? ಅಷ್ಟಕ್ಕೂ ಬರೆದವರು ಯಾರು?

"ಬರೆದದ್ದು... ನಾನೇ," ಎಂದಳು.

ಅವನು ಪತ್ರ ಮಡಚಿದ. ಇನ್ನೊಂದು ಮಾತಿಗಾಗಿ ಕಾದ.

"ನೀರಿಗೆ ಥ್ಯಾಂಕ್ಸ್," ಎಂದು ಬೆನ್ನು ತಿರುಗಿಸಿದ.

ಮನೆಯಲ್ಲಿ ತೆರೇಸಾ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ನಿಲ್ಲಲಿಲ್ಲ.

"ಹೌದು, ನಾನೇ ಕೊಟ್ಟೆ. ಏನೀಗ? ಜನವರೀಲಿ ಯಾವ ತರಕಾರಿಗೆ ನೀರು ಹಾಕ್ತಾರೆ? ನನ್ನನ್ನ ಏನು ದಡ್ಡಿ ಅಂದ್ಕೊಂಡ್ಯಾ?"

"ಅವರಿಗೆ ಇರೋಕೆ ಬೇರೆ ಜಾಗ ಇಲ್ಲಮ್ಮ..."

"ನನಗೂ ನೀನು ಬಿಟ್ರೆ ಬೇರೆ ಯಾರೂ ಇಲ್ಲ!" ತೆರೇಸಾ ಅತ್ತುಬಿಟ್ಟಳು. ಇದು ನಾಟಕವಾಗಿರಲಿಲ್ಲ. "ನಿಮ್ಮಪ್ಪ ಬೆಳಗ್ಗೆ ಟೊಮೇಟೊಗೆ ನೀರು ಹಾಕ್ಬರ್ತೀನಿ ಅಂತ ಇಲ್ಲಿಂದ ಇಳ್ಕೊಂಡು ಹೋದೋರು. ನಾನು ಪಾತ್ರೆ ತೊಳೀತಿದ್ದೆ. ಆ ಕಡೆ ನೋಡ್ಲೇ ಇಲ್ಲ. ಅವರು ಅಲ್ಲಿ ಬಿದ್ದಿದ್ದು ನೋಡಿದ್ದು ಯಾರೋ... ನಾನಲ್ಲ."

ಕಲೀನಾ ಅಮ್ಮನನ್ನು ಬಯ್ಯಲು ಬಂದಿದ್ದಳು. ಬಯ್ಯಲಾಗಲಿಲ್ಲ. ಆ ಅಳು ಸುಳ್ಳಾಗಿದ್ದರೆ ಬಾಗಿಲು ತೆರೆದುಕೊಂಡು ಹೋಗಿಬಿಡಬಹುದಿತ್ತು. ನಿಜವಾದ್ದರಿಂದಲೇ ಅದು ಬೀಗದ ಮೇಲೆ ಬೀಗವಾಯಿತು. ಅವಳು ಇನ್ನೊಂದು ಚಾಕು ತೆಗೆದುಕೊಂಡು ಆಲೂಗಡ್ಡೆ ಸುಲಿಯಲು ಕೂತಳು.

*ಹೀಗೇ ಸುಲೀತಾ ಕೂತಿರ್ತೀನಿ... ಐವತ್ತಾಗುತ್ತೆ, ಅರವತ್ತಾಗುತ್ತೆ...*

ಏಪ್ರಿಲ್‌ನ ಭಾನುವಾರ ಸಂಘದ ವಾರ್ಷಿಕ ಸಭೆ. ತೀಮೊನ್ ಕೊನೆಯ ಸಾಲಿನಲ್ಲಿ, ಟೋಪಿ ಹಿಂಡುತ್ತಾ ಕೂತಿದ್ದ. ಕಲೀನಾ ಅಮ್ಮನ ಪಕ್ಕದಲ್ಲಿ. ಅಮ್ಮನ ಕೈ ಅವಳ ತೋಳಿನ ಮೇಲೆ.

ಅಧ್ಯಕ್ಷ ಸ್ಕೀಬಾ ಕನ್ನಡಕ ಏರಿಸಿದ. "ನಲವತ್ತೇಳನೇ ನಂಬರಿನ ತುಂಡಿನವರು ಶೆಡ್ಡಲ್ಲಿ ವಾಸ ಮಾಡ್ತಿದ್ದಾರೆ. ಸಾಕ್ಷಿ ಈ ಪುಸ್ತಕ. ಪಾನಿ ತೆರೇಸಾ ತಾವೇ ತಂದುಕೊಟ್ಟಿದ್ದು."

ಕೊನೆಯ ಸಾಲಿನಲ್ಲಿ ಟೋಪಿ ಹಿಂಡುತ್ತಿದ್ದ ಕೈ ನಿಂತಿತು.

"ಬರೆದಿರೋದು ಮಗಳು. ಪಾನಿ ಕಲೀನಾ, ಕೈಬರಹ ನಿಮ್ಮದು ಅಂತ ಸಹಿ ಹಾಕಿದ್ರೆ ಸಾಕು. ಮುಂದಿನದು ನಾವು ನೋಡ್ಕೋತೀವಿ."

"ಹಾಕಿ ಬಂದ್ಬಿಡು," ಎಂದು ಪಿಸುಗುಟ್ಟಿದಳು ತೆರೇಸಾ. "ಮುಗಿದು ಹೋಗ್ಲಿ."

ಕಲೀನಾ ಎದ್ದಳು. ಅಮ್ಮನ ಬೆರಳುಗಳು ತೋಳಿನಿಂದ ಒಂದೊಂದಾಗಿ ಜಾರಿದವು. ಅರವತ್ತು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. ಪೆನ್ನು ಕೈಗೆ ಬಂತು.

"ಕೈಬರಹ ನನ್ನದೇ," ಎಂದಳು. "ಆದ್ರೆ ಇದು... ಇದು ದೂರಲ್ಲ."

"ಜೋರಾಗಿ ಹೇಳಮ್ಮಾ, ಹಿಂದೆ ಕೇಳ್ತಿಲ್ಲ!" ಯಾರೋ ಕೂಗಿದರು.

"ಇದು ದೂರಲ್ಲ! ನೀರು ಹೊತ್ತವಳು ನಾನು. ಅವರು ಇಲ್ಲೇ ಇರೋದು ಅಕ್ಟೋಬರಿಂದ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟೆ. ತಪ್ಪಾದ್ರೆ ಇಬ್ಬರದೂ ತಪ್ಪು. ಅವರ ತುಂಡು ಕಿತ್ಕೊಂಡ್ರೆ ನನ್ನದೂ ಕಿತ್ಕೊಳ್ಳಿ."

ಸಭೆ ಗುಜುಗುಜು ಎಂದಿತು. ಸ್ಕೀಬಾ ತಬ್ಬಿಬ್ಬಾದ. "ಅಲ್ಲಾ ಪಾನಿ ಕಲೀನಾ... ನೀವು ಯಾಕೆ ಅವರಿಗೆ ನೀರು ಹೊರಬೇಕಿತ್ತು?"

ಉತ್ತರ ಅವಳ ಬಳಿ ಇತ್ತು. ಎಷ್ಟೋ ತಿಂಗಳಿಂದ ಇತ್ತು. ಅದನ್ನು ಪುಸ್ತಕದಲ್ಲಿ ಕೂಡ ಬರೆದಿರಲಿಲ್ಲ.

"ಯಾಕಂದ್ರೆ... ನನಗೆ ಅವರು ಬೇಕು."

ಮೊದಲ ಸಾಲಿನ ಮುದುಕಿ ಗೆನೊವೇಫಾ ಮೊಣಕಾಲು ತಟ್ಟಿಕೊಂಡಳು. "ಸ್ಕೀಬಾ, ಕೇಳಿಸ್ತೇನೋ? ಇನ್ನೂ ಏನು ವಿಚಾರಣೆ ಮಾಡ್ತೀಯ? ಮೂಲಂಗಿ ಬಿತ್ತೋ ಹೊತ್ತು, ಬೇಗ ಮುಗಿಸು!"

ನಗುವಿನ ಅಲೆ ಎದ್ದಿತು. ಕೈ ಎತ್ತಿ ಮತ ಹಾಕಿದರು. ತುಂಡು ಅವನದೇ, ಆದರೆ ತಿಂಗಳೊಳಗೆ ಶೆಡ್ಡಿನ ವಾಸ ಬಿಡಬೇಕು. ಸಭೆ ಚದುರುವ ಮೊದಲೇ ತೆರೇಸಾ ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋಗಿದ್ದಳು.

ಬಾಗಿಲ ಹೊರಗೆ ತೀಮೊನ್ ನಿಂತಿದ್ದ.

"ಅಮ್ಮ ಕೊಟ್ಟಿದ್ದು ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನು ತಪ್ಪಿಸ್ಕೋತಿದ್ದೆ. ಅಮ್ಮ ಒಬ್ಬಳೇ ಸಿಕ್ಕಿಬೀಳ್ತಿದ್ದಳು."

ಅವನು ತಲೆ ತಗ್ಗಿಸಿದ. "ನಾನೊಬ್ಬ ಮೂರ್ಖ. ಒಂದು ತಿಂಗಳು ನಿನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ..." ಮತ್ತೆ ತಲೆಯೆತ್ತಿದ. "ಡಿಪೋ ಹತ್ತಿರ ಒಂದು ಕೋಣೆ ನೋಡಿದ್ದೀನಿ. ಚಿಕ್ಕದು. ಇವತ್ತೇ ಕೀ ಕೊಡ್ತಾರೆ. ನಾನು ಕೇಳೋದು ಹೆಚ್ಚಾಯ್ತೇನೋ, ಕಲೀನಾ... ಇಬ್ಬರಿಗೆ ಸಾಕಾಗುತ್ತೆ. ಟ್ರಾಮ್ ನಿಲ್ದಾಣದಲ್ಲಿ ಕಾಯ್ತಿರ್ತೀನಿ."

ಅವಳು ಮನೆಗೆ ಬಂದು ನಾಲ್ಕು ಮಹಡಿ ಹತ್ತಿ ಹೋದಳು.

ತೆರೇಸಾ ಮಂಚದ ತುದಿಯಲ್ಲಿ ಕೂತು, ಮಗಳು ಚೀಲಕ್ಕೆ ಬಟ್ಟೆ ತುಂಬುವುದನ್ನು ನೋಡುತ್ತಿದ್ದಳು. ಎದೆಯ ಮೇಲೆ ಕೈ ಇಟ್ಟುಕೊಂಡಳು. ಕಲೀನಾ ಪಕ್ಕಕ್ಕೆ ಬಂದು ಆ ಕೈ ಹಿಡಿದು, ನಾಡಿ ನೋಡಿ, ಮೆಲ್ಲಗೆ ತೊಡೆಯ ಮೇಲಿಟ್ಟಳು.

"ಚೆನ್ನಾಗಿದೆಯಮ್ಮ."

"ಹೋಗ್ತೀಯಾ?"

"ಹೋಗ್ತೀನಿ. ಭಾನುವಾರ ಊಟಕ್ಕೆ ಬರ್ತೀನಿ."

ತೆರೇಸಾ ಗೋಡೆಯ ಕಡೆ ನೋಡುತ್ತಾ, "ಅವನು ಎಲೆಕೋಸಿನ ಸಾರು ತಿಂತಾನಾ?" ಎಂದು ಕೇಳಿದಳು.

ಕಲೀನಾ ಅಮ್ಮನ ತಲೆಗೆ ಮುತ್ತಿಟ್ಟು, ಚೀಲ ಎತ್ತಿಕೊಂಡು, ಮೆಟ್ಟಿಲಿಳಿದಳು.

ಟ್ರಾಮ್ ನಿಲ್ದಾಣದಲ್ಲಿ ತೀಮೊನ್ ಕಾಯುತ್ತಿದ್ದ. ಅವಳ ಕೈಯಲ್ಲಿನ ಚೀಲ ನೋಡಿದ. ನಂಬದವನಂತೆ ಮತ್ತೊಮ್ಮೆ ನೋಡಿದ.

"ಹೆದರಿಕೆ ಆಗ್ತಿದೆಯಾ?"

"ಹೂಂ... ತುಂಬಾ."

"ವಾಪಸ್ ಬಿಟ್ಟು ಬರ್ಲಾ?"

ಅವಳು ಚೀಲವನ್ನು ಅವನ ಕೈಗೆ ಕೊಟ್ಟಳು. ಖಾಲಿಯಾದ ತನ್ನ ಕೈಯನ್ನು ಅವನ ಇನ್ನೊಂದು ಕೈಯೊಳಗೆ ಇಟ್ಟಳು.

"ಬೇಡ... ನಡಿ."