ನೀಲಕ್ಕನ ಅಂಗೈಯ ಗುಳಿಗೆ

ರೊಟ್ಟಿ ಹೊತ್ತಿದ ವಾಸನೆ ಓಣಿಗೆಲ್ಲ ಹರಡಿತ್ತು. ಒಳಗೆ ಹೋಗಿ ನೋಡಿದರೆ ನೀಲಕ್ಕ ಒಲೆಯ ಮುಂದೆ ಬಿದ್ದಿದ್ದಳು. ಮುಖ ಊದಿತ್ತು, ಕೈ ತಣ್ಣಗಿತ್ತು. ನಾಡಿ ಇದೆಯೋ ಇಲ್ಲವೋ ಎಂದು ನನಗೇ ಅನುಮಾನ — ಹದಿನೈದು ವರ್ಷದಿಂದ ಗುಡಗೇರಿಯಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಈ ಸುಶೀಲವ್ವನಿಗೆ!

ಕುಂದಗೋಳದ ದವಾಖಾನೆಯಲ್ಲಿ ಜೀವ ಉಳಿಯಿತು. "ಥೈರಾಯ್ಡ್ ಗುಳಿಗೆ ಹೊಟ್ಟೆಗೆ ಹೋದಂತಿಲ್ಲ," ಎಂದರು ಡಾಕ್ಟರು. ಅಷ್ಟು ಸಾಕಾಯಿತು. ದಿನಾ ಆ ಗುಳಿಗೆ ಕೊಡುವವಳು ಸೊಸೆ ಸುನಿತಾ. ಅವಳೇ ಬೇರೆ ಏನೋ ಕೊಟ್ಟಿದ್ದಾಳೆ ಎಂದು ಮಾವ ಮಡಿವಾಳೆಪ್ಪ ತೀರ್ಮಾನಿಸಿಬಿಟ್ಟ. ಸುನಿತಾಳ ಗಂಡ ಗೌರೀಶ ತುಟಿ ಬಿಚ್ಚಲಿಲ್ಲ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನೀಲಕ್ಕನನ್ನು ಮನೆಗೆ ಕರೆತಂದ ಮರುದಿನ ಹತ್ತೂವರೆಯ ಬಸ್ಸಿಗೆ ಸುನಿತಾಳ ಅಣ್ಣ ಬರುವವನಿದ್ದ, ಅವಳನ್ನು ತವರಿಗೆ ಒಯ್ಯಲು. ಇಂಥ ಹೆಸರು ಹೊತ್ತು ಹೋದವಳು ಮತ್ತೆ ಬರುವುದುಂಟೆ?

ಹತ್ತಕ್ಕೆ ಫರಹತ್ ಸ್ಕೂಟಿಯಿಂದ ಇಳಿದಳು. ಕುಂದಗೋಳದ ಲ್ಯಾಬಿನವಳು, ನೀಲಕ್ಕ ಬಿದ್ದ ದಿನ ರಕ್ತ ತೆಗೆದವಳು ಅವಳೇ. ಕೈಯಲ್ಲಿ ವರದಿಯಿತ್ತು.

"ಗುಳಿಗಿ ಡಬ್ಬಿ ತೋರಸ್ರಿ."

ಸುನಿತಾ ತಂದು ಕೊಟ್ಟಳು. ಫರಹತ್ ತಾರೀಖು ನೋಡಿದಳು, ಗುಳಿಗೆಯ ಮೇಲಿನ ಅಚ್ಚು ನೋಡಿದಳು.

"ಗುಳಿಗಿ ಖರೇವ ಅದಾವು. ಯಾವಾಗ ಕೊಡ್ತೀ ತಂಗಿ?"

"ಮುಂಜಾನಿ ಎದ್ದಕೂಡ್ಲೆ ಅತ್ತಿಯವರ ಅಂಗೈಯಾಗ ಇಡ್ತೇನ್ರಿ. ಒಂದಿನಾನೂ ತಪ್ಪಿಸಿಲ್ಲ."

"ಇಡೂದು ನಾನೂ ನೋಡೇನಿ," ಮಡಿವಾಳೆಪ್ಪ ಗುಡುಗಿದ. "ಇಟ್ಟದ್ದು ಏನಂತ ಯಾರಿಗೆ ಗೊತ್ತು?"

"ನುಂಗೂದು ನೋಡೀರೇನ್ರಿ?"

"ಅದನ್ನ ಹೆಂಗ ನೋಡ್ಲಿ? ಲಿಂಗಪೂಜಿ ಆಗೂತನಕಾ ಅಕಿ ಬಾಯಾಗ ಹನಿ ನೀರು ಹಾಕೂದಿಲ್ಲ. ಗುಳಿಗಿ ಹಿಡಕೊಂಡು ಪೂಜಿಗೆ ಕೂಡ್ತಾಳ. ಪೂಜಿ ಮುಗಿಸಿ ಅಲ್ಲೇ ತಗೋತಾಳ. ಆ ಹೊತ್ತಿನ್ಯಾಗ ಒಳಗ ಯಾರೂ ಹೋಗೂದಿಲ್ಲ."

"ಅಂದ್ರ, ಯಾರೂ ನೋಡಿಲ್ಲ."

ಮಂಚದ ಮೇಲಿದ್ದ ನೀಲಕ್ಕ ಗೋಡೆಯ ಕಡೆ ಹೊರಳಿದಳು.

ಫರಹತ್ ವರದಿಯನ್ನು ನನ್ನ ಮುಂದೆ ಹಿಡಿದಳು. "ಸುಶೀಲಕ್ಕ, ಟಿಎಸ್‌ಎಚ್ ಅರವತ್ತೆಂಟು. ನಾಕೈದರೊಳಗ ಇರಬೇಕು. ಆದ್ರ ಗುಳಿಗಿಯಿಂದ ರಕ್ತಕ್ಕ ಬರೂ ಟಿ-ಫೋರ್ ಹೆಚ್ಚೂಕಡಿಮಿ ಸರಿ ಐತಿ. ಇದ್ಹೆಂಗ?"

"ಮಷಿನ್ ಕೆಟ್ಟಿರಬೇಕವ್ವಾ."

"ಎರಡೆರಡು ಸಲ ಹಚ್ಚೇನಿ. ಅದ ಬಂತು." ಅವಳು ಮಡಿವಾಳೆಪ್ಪನತ್ತ ತಿರುಗಿದಳು. "ಇವರು ಬೀಳೂಕಿಂತ ಮುಂಚಿನ ದಿನಗಳಾಗ ಮನಿಯಿಂದ ಯಾರು ಹೊರಗ ಹೋಗಿದ್ರಿ?"

"ಮಗಳು ರೋಹಿಣಿ. ಪರೀಕ್ಷಾ ಬರಿಯಾಕ ಎಂಟು ದಿನ ಹುಬ್ಬಳ್ಳ್ಯಾಗಿದ್ಲು. ಯಾಕ?"

ರೋಹಿಣಿ ಬಾಗಿಲ ಬಳಿ ಕೂತಿದ್ದಳು. ಏಪ್ರಿಲ್ ಬಿಸಿಲು, ಫ್ಯಾನಿನ ಕೆಳಗೂ ನಾವು ಬೆವರುತ್ತಿದ್ದೆವು. ಆ ಹುಡುಗಿ ಮಾತ್ರ ದುಪಟ್ಟಾವನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿದ್ದಳು. ನಾನೂ ನೋಡಿದ್ದೆ. ಕನ್ಯೆ ನೋಡಲು ಬಂದುಹೋಗಿದ್ದಾರಲ್ಲ, ನಾಚಿಕೆ ಎಂದುಕೊಂಡಿದ್ದೆ.

"ದುಪಟ್ಟಾ ತಗಿಯವ್ವಾ," ಎಂದಳು ಫರಹತ್.

ರೋಹಿಣಿ ಅಲುಗಾಡಲಿಲ್ಲ. ಫರಹತ್ ತಾನೇ ಮೆಲ್ಲಗೆ ಬಿಚ್ಚಿದಳು. ಗಂಟಲು ಉಬ್ಬಿತ್ತು.

"ಅವ್ವನ ಗುಳಿಗಿ ನೀನ ನುಂಗತೀ. ಹೌದಿಲ್ಲೋ?"

"ಏನ್ ಮಾತಂತ ಆಡ್ತೀರಿ!" ಮಡಿವಾಳೆಪ್ಪ ಎದ್ದು ನಿಂತ.

"ಕೂಡ್ರಿ, ಹೇಳ್ತೇನಿ. ತಿಂಗಳಾನುಗಟ್ಟಲೆ ಗುಳಿಗಿ ಬಿಟ್ರ ಟಿಎಸ್‌ಎಚ್ ಏರ್ತದ. ಮತ್ತ ತಗೋಳಾಕ ಹತ್ತಿದ್ರೂ ಇಳಿಯಾಕ ವಾರಗಟ್ಟಲೆ ಬೇಕು. ಟಿ-ಫೋರ್ ಹಂಗಲ್ಲ, ಲಗೂನ ಏಳ್ತದ. ಅಂದ್ರ ನೀಲಕ್ಕ ಭಾಳ ದಿನ ಗುಳಿಗಿ ಬಿಟ್ಟು, ಬೀಳೂ ಮುಂಚಿನ ಎಂಟ ದಿನ ಅಷ್ಟ ತಗೊಂಡಾರ. ಸೊರಗಿದ ಎದಿಗೆ ಪೂರ್ತಿ ಗುಳಿಗಿ ಒಮ್ಮೆಲೆ ಭಾರ ಆಗಿ ಬಿದ್ದಾರ. ಡಬ್ಬಿ ಅದೇ, ಕೊಡೂ ಕೈನೂ ಅದೇ. ಆ ಎಂಟು ದಿನದಾಗ ಬದಲಾದದ್ದು ಒಂದ — ರೋಹಿಣಿ ಇರಲಿಲ್ಲ. ನೀಲಕ್ಕನ ಗುಳಿಗಿ ಕದ್ದಾಕಿ ಸುನಿತಾ ಅಲ್ರಿ. ನೀಲಕ್ಕನೇ!"

ರೋಹಿಣಿ ಮಂಚಕ್ಕೆ ಓಡಿದಳು. "ಅವ್ವಾ! ನನಗ ಬ್ಯಾರೆ ಡಬ್ಬಿ ತರಸೇನಿ ಅಂದಿದ್ದಿ!"

"ಎಲ್ಲಿಂದ ತರಸ್ಲಿ?" ನೀಲಕ್ಕ ಮಗಳ ಕಡೆ ಹೊರಳಿದಳು. "ಕಾಲೇಜಿನ್ಯಾಗ ರಕ್ತ ತಪಾಸಣಿ ಮಾಡಿ ನಿನಗೂ ಐತಿ ಅಂದ್ರು. ಔಷಧದ ಅಂಗಡಿಯವ ನೋಡಿದ್ರ ಗಂಡಿನ ಸ್ವಾದರಮಾವ. ಎರಡು ಡಬ್ಬಿ ಕೇಳಿದ್ರ ಸಂಜಿಯೊಳಗ ಗಂಡಿನ ಊರು ಮಿಶ್ರಿಕೋಟಿಗೆ ಸುದ್ದಿ ಮುಟ್ಟತಿತ್ತು. ಮದುವಿ ಆಗೂತನಕಾ ತಡಕೋತೇನಿ ಅಂದ್ಕೊಂಡೆ."

ನನ್ನ ಕಣ್ಣು ತುಂಬಿದ್ದು ನಿಜ. ಆದರೆ ಸೊಸೆ ಮೂರು ದಿನದಿಂದ ಅಳುವುದನ್ನು ಕೇಳುತ್ತ ಇವಳು ಸುಮ್ಮನೆ ಮಲಗಿದ್ದಳಲ್ಲ! ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಫರಹತ್ ರೋಹಿಣಿಯ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದಳು. ನಳಿಗೆಯ ಮೇಲೆ ಹೆಸರು ಬರೆಯಹೋದಾಗ ನೀಲಕ್ಕ ಕೈಮುಗಿದಳು. "ನನ್ನ ಹೆಸರು ಬರಿಯವ್ವಾ."

"ರೋಹಿಣಿ ಅಂತ ಬರೀರಿ," ಎಂದ ಮಡಿವಾಳೆಪ್ಪ, ಓಣಿಗೆ ಕೇಳುವ ಹಾಗೆ.

ಅಷ್ಟರಲ್ಲಿ ಸುನಿತಾಳ ಅಣ್ಣ ಬಾಗಿಲಿಗೆ ಬಂದು ನಿಂತ. ಮಡಿವಾಳೆಪ್ಪ ಸೊಸೆಯ ಮುಂದೆ ತಲೆ ತಗ್ಗಿಸಿದ. "ತಪ್ಪಾತವ್ವಾ. ಚೀಲ ಒಳಗ ಇಡು."

ಸುನಿತಾ ಗಂಡನ ಕಡೆ ನೋಡಿದಳು. "ನೀವೇನಂತೀರಿ?"

ಗೌರೀಶ ಅಪ್ಪನ ಮುಖ ನೋಡಿದ.

"ಹೋಗೂಣು ನಡಿ ಅಣ್ಣಾ," ಎಂದು ಸುನಿತಾ ಚೀಲ ಎತ್ತಿಕೊಂಡಳು.