ಬಲಿತ ಬೆಂಡೆಕಾಯಿ

ಮೂಡಲಪಾಳ್ಯದ ತಿರುವಿನಲ್ಲಿ ಮಹದೇವ್ ತರಕಾರಿ ಅಂಗಡಿ ಇಟ್ಟು ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಂಡ ಒಬ್ಬ ಗಿರಾಕಿಯನ್ನೂ ಅವನು ಕಂಡಿರಲಿಲ್ಲ. ಚಟ್ ಅಂತ ಮುರಿದರೆ ಎಳೆಯದು, ತಟ್ಟೆಗೆ. ಮುರಿಯದೆ ಬಾಗಿದರೆ ಬಲಿತದ್ದು, ವಾಪಸ್ ರಾಶಿಗೆ. ಜಗಳಗಂಟಿಯರೂ ಸಾಧ್ವಿಯರೂ ಈ ಒಂದು ವಿಷಯದಲ್ಲಿ ಒಂದೇ.

ಹೀಗಿರುವಾಗ ಜೂನ್ ತಿಂಗಳ ಒಂದು ಬುಧವಾರ ಸಂಜೆ, ಹಳದಿ ಸ್ಕೂಟಿಯಿಂದ ಇಳಿದ ಹುಡುಗಿಯೊಬ್ಬಳು ಒಂದೊಂದೇ ಕಾಯಿಯ ತುದಿ ಬಗ್ಗಿಸಿ ನೋಡಿ, ಮುರಿಯದ್ದನ್ನೇ ಆರಿಸಿ ಆರಿಸಿ ತಟ್ಟೆಗೆ ಹಾಕತೊಡಗಿದಳು. ಹಾಕುವಾಗ ಅವಳ ಮುಖದಲ್ಲಿ ಚಿನ್ನ ಸಿಕ್ಕಿದಂಥ ಖುಷಿ ಬೇರೆ.

"ಅಣ್ಣ, ಇದೇ ಥರದ್ದು ಒಂದು ಕೆಜಿ ಮಾಡ್ಕೊಡಿ. ಚೆನ್ನಾಗಿ ಬಲಿತಿರ್ಬೇಕು."

ಪಾಪ, ಅಡುಗೆ ಬರೋದಿಲ್ಲ, ಹೊಸದಾಗಿ ಮದುವೆಯಾಗಿರಬೇಕು ಅಂದುಕೊಂಡ ಮಹದೇವ್. ಕಣ್ಣು ತಾನಾಗಿಯೇ ಅವಳ ಪಾದದ ಕಡೆ ಹೋಯಿತು. ಕಾಲುಂಗುರ ಇರಲಿಲ್ಲ. ಅದರಿಂದ ತನಗೇಕೆ ಸಮಾಧಾನವಾಗಬೇಕು ಅನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅವಳು ಫೋನಿನಲ್ಲಿ ಮಾತಾಡುತ್ತಾ ಆ ಕಡೆ ತಿರುಗಿದಾಗ, ಬಲಿತದ್ದನ್ನೆಲ್ಲ ಸರಿಸಿ, ಕೈಗೆ ಸಿಕ್ಕ ಅತಿ ಎಳೆಯ ಕಾಯಿಗಳನ್ನೇ ತೂಗಿ ಕವರಿಗೆ ಹಾಕಿಬಿಟ್ಟ. ಒಳ್ಳೆಯ ಕೆಲಸ ಮಾಡಿದೆ ಅಂತ ರಾತ್ರಿ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದ.

ಮಾರನೆಯ ಮಧ್ಯಾಹ್ನ ಅದೇ ಸ್ಕೂಟಿ ಬಂದು ಅಂಗಡಿಯ ಮುಂದೆ ನಿಂತಿತು. ಅವಳ ಕೈ ಮೊಣಕೈವರೆಗೂ ನೀಲಿ. ಮೂಗಿನ ತುದಿಯಲ್ಲೂ ಒಂದು ಚುಕ್ಕೆ.

"ಅಣ್ಣ, ನಾನು ಕೇಳಿದ್ದೇನು, ನೀವು ಕೊಟ್ಟಿದ್ದೇನು?"

"ಎಳೇದು ಹಾಕಿದ್ದೆ ಮೇಡಂ. ಪಲ್ಯ ಚೆನ್ನಾಗಿ ಬರ್ಲಿಲ್ವಾ?"

"ಪಲ್ಯನಾ? ನಾನು ಆರ್ಟ್ ಮಿಸ್ ರೀ! ಪಕ್ಕದ ರಸ್ತೆ ಸ್ಕೂಲಲ್ಲಿ. ಎರಡನೇ ಕ್ಲಾಸು, ನಲವತ್ತು ಮಕ್ಕಳು. ಬೆಂಡೆಕಾಯಿನ ಬಣ್ಣದಲ್ಲಿ ಅದ್ದಿ ಒತ್ತಿದ್ರೆ ಹೂವು ಬರತ್ತೆ ಅಂತ ಒಂದು ವಾರದಿಂದ ಆಸೆ ಹುಟ್ಟಿಸಿದ್ದೆ. ಎಳೇದನ್ನ ಒತ್ತಿದ್ರೆ ಲೋಳೆ ಬಿಟ್ಕೊಂಡು ಬಣ್ಣ ಎಲ್ಲಾ ಹರಡ್ತು. ಹೂವಲ್ಲ, ಗೊಜ್ಜು ಬಂತು!"

ಹೇಳುತ್ತಲೇ ಅವಳು ರಾಶಿಯಿಂದ ಒಂದು ಬಲಿತ ಕಾಯಿ ಎತ್ತಿಕೊಂಡಳು. ಅವನ ಚಾಕುವಿನಲ್ಲೇ ಅಡ್ಡ ಕತ್ತರಿಸಿ, ದುಪಟ್ಟಾದ ಅಂಚಿನಲ್ಲಿ ತೇವ ಒರೆಸಿ, ಬ್ಯಾಗಿನಿಂದ ನೀಲಿ ಬಣ್ಣದ ಡಬ್ಬಿ ತೆಗೆದು ಅದ್ದಿ, ಎದುರಿಗೆ ಸಿಕ್ಕ ರಟ್ಟಿನ ಮೇಲೆ ಒತ್ತಿದಳು. ರಟ್ಟಿನ ಮೇಲೆ ಐದು ಎಸಳಿನ ಒಂದು ನೀಲಿ ಹೂವು ಅರಳಿ ಕೂತಿತ್ತು. ಆ ರಟ್ಟು 'ಬೆಂಡೆ' ಅಂತ ಬರೆದಿದ್ದ ರೇಟ್ ಬೋರ್ಡು.

"ಅಯ್ಯೋ, ಸಾರಿ!" ಅಂತ ನಾಲಿಗೆ ಕಚ್ಚಿಕೊಂಡಳು.

"ಇರ್ಲಿ ಬಿಡಿ," ಅಂದ ಮಹದೇವ್. ಅವನ ದನಿ ಅವನಿಗೇ ಬೇರೆ ಯಾರದ್ದೋ ಅನ್ನಿಸಿತು. ಇಷ್ಟು ವರ್ಷ ಆ ಕಾಯಿಯನ್ನು ತೂಗಿದ್ದಾನೆ, ಅದರೊಳಗೊಂದು ಹೂವಿದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಅವಳ ಹೆಸರು ಸ್ಪಂದನ ಅಂತ ಎರಡನೇ ಬುಧವಾರ ಗೊತ್ತಾಯಿತು. ಗುರುವಾರ ಆರ್ಟ್ ಪೀರಿಯಡ್ಡು, ಹಾಗಾಗಿ ಬುಧವಾರ ಸಂಜೆ ಖರೀದಿ. ಯಾರಿಗೂ ಬೇಡದ ಬಲಿತ ಕಾಯಿಗಳಿಗೆ ಅವನು ಒಂದು ಬುಟ್ಟಿಯನ್ನೇ ಮೀಸಲಿಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ.

"ಮಿಸ್, ಈ ನವಿಲುಕೋಸು ನೋಡಿ, ಕೆತ್ತೋಕೆ ಗಟ್ಟಿಯಾಗಿದೆ. ಹಾಗಲಕಾಯಿ ತಿರುಳು ತೆಗೆದ್ರೆ ಹಲ್ಲಿನ ಚಕ್ರ ಬರತ್ತೆ. ಸೊಪ್ಪಿನ ಕಟ್ಟಿನ ಬುಡ ಒಂದೇ ಏಟಿಗೆ ಕತ್ತರಿಸಿ ಒತ್ತಿ ನೋಡಿ, ಥೇಟ್ ಗುಲಾಬಿ!"

"ನಿಮಗೆ ಹೇಗೆ ಗೊತ್ತು ಇದೆಲ್ಲಾ?" ಅಂತ ಅವಳು ಕಣ್ಣರಳಿಸಿದಳು. ಆಮೇಲೆ ಅವನ ಉಗುರಿನ ಸಂದಿಯ ಕೆಂಪು ಬಣ್ಣ ನೋಡಿ, ತುಟಿಯಂಚಿನಲ್ಲೇ ನಕ್ಕು, ನೋಡಲೇ ಇಲ್ಲ ಅನ್ನುವಂತೆ ಆಲೂಗಡ್ಡೆಯ ಕಡೆ ತಿರುಗಿದಳು.

ಮನೆಯಲ್ಲಿ ಅವನ ತಾಯಿ ಶಿವಗಂಗಮ್ಮನಿಗೆ ಗೋಡೆಯ ಕ್ಯಾಲೆಂಡರಿನ ಹಿಂಭಾಗದಲ್ಲೆಲ್ಲ ಚಕ್ರ, ಹೂವು, ಗುಲಾಬಿ ಸಿಕ್ಕವು.

"ಏನೋ ಇದು? ಹುಳಿಗೆ ಅಂತ ಇಟ್ಟಿದ್ದ ಹಾಗಲಕಾಯಿಗೆ ಬಣ್ಣ ಬಳಿದಿದ್ದೀಯ?"

"ಟೆಸ್ಟಿಂಗ್ ಕಣಮ್ಮಾ."

"ಟೆಸ್ಟಿಂಗ್ ಯಾರಿಗೆ ಅಂತ ಗೊತ್ತು. ಆ ಹುಡುಗಿ ನಿನ್ನನ್ನ ಅಣ್ಣ ಅಂತಾಳಲ್ಲೋ ಪೆದ್ದ."

"ಮೂರನೇ ವಾರದಿಂದ ಅಂತಿಲ್ಲ."

"ಮತ್ತೇನಂತಾಳೆ?"

"ಏನೂ ಅನ್ನಲ್ಲ. ಸೀದಾ ಮಾತು ಶುರು ಮಾಡ್ತಾರೆ."

ಶಿವಗಂಗಮ್ಮ ಸೌಟು ಹಿಡಿದುಕೊಂಡೇ ನಕ್ಕರು. "ಅದನ್ನೂ ಲೆಕ್ಕ ಇಟ್ಟಿದ್ದೀಯಲ್ಲೋ!"

ಲೆಕ್ಕ ಇಟ್ಟವನಿಗೆ ಹತ್ತನೇ ಬುಧವಾರ ಬಂದದ್ದೂ ಗೊತ್ತಿತ್ತು. ಅವತ್ತು ಸ್ಪಂದನ ಬೆಂಡೆಕಾಯಿಯನ್ನು ತುಂಬ ಹೊತ್ತು ಆರಿಸಿದಳು.

"ಇದೇ ಕೊನೆ. ಶನಿವಾರ ಎಕ್ಸಿಬಿಷನ್ನು. ಮುಂದಿನ ವಾರದಿಂದ ಪೇಪರ್ ಫೋಲ್ಡಿಂಗು, ಆಮೇಲೆ ಜೇಡಿಮಣ್ಣು."

"ಪೇಪರಿಗೆ ತರಕಾರಿ..."

"ಬೇಡ."

"ಜೇಡಿಮಣ್ಣಿಗೆ?"

"ಅದಕ್ಕೂ ಬೇಡ."

ಅವಳ ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಮನೆಗೆ ತರಕಾರಿ ತರುವುದು ಅವಳ ಅಪ್ಪ. ಬೇರೆಯವರು ಆರಿಸಿದ್ದನ್ನು ಅವರು ಮೂಸಿಯೂ ನೋಡುವುದಿಲ್ಲ ಅಂತ ಅವಳೇ ಎಷ್ಟೋ ಸಲ ಹೇಳಿ ನಕ್ಕಿದ್ದಳು. ಅಂದರೆ ಇನ್ನು ಮೇಲೆ ಆ ಹಳದಿ ಸ್ಕೂಟಿ ಈ ತಿರುವಿನಲ್ಲಿ ನಿಲ್ಲಲು ಒಂದು ಕಾರಣವೂ ಉಳಿದಿಲ್ಲ. ಮಹದೇವನ ಎದೆಯಲ್ಲಿ ಹತ್ತು ವಾರದ ಮಾತು ಸಾಲುಗಟ್ಟಿ ನಿಂತಿತ್ತು. ಬಾಯಿಗೆ ಬಂದದ್ದು ಒಂದೇ.

"ಕೊತ್ತಂಬರಿ ಬೇಕಾ?"

ಸ್ಪಂದನ ಅವನನ್ನೇ ಒಂದು ಗಳಿಗೆ ನೋಡಿದಳು. "ಬೇಡ," ಅಂದಳು. ಸ್ಕೂಟಿ ಸ್ಟಾರ್ಟ್ ಮಾಡಿ, ತಿರುಗಿ ನೋಡದೆಯೇ, "ಎಕ್ಸಿಬಿಷನ್‌ಗೆ ಬನ್ನಿ. ನಿಮ್ಮ ತರಕಾರಿ ತಾನೆ," ಅಂದು ಹೊರಟುಹೋದಳು.

ಶನಿವಾರ ತಾಯಿಯನ್ನು ಅಂಗಡಿಯಲ್ಲಿ ಕೂರಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದ. ಆರ್ಟ್ ರೂಮಿನ ತುಂಬ ದಾರ ಕಟ್ಟಿ ಚಿತ್ರ ತೂಗುಹಾಕಿದ್ದರು. ಆಲೂಗಡ್ಡೆಯ ಆನೆ, ಬೆಂಡೆಕಾಯಿ ಕಣ್ಣಿನ ನವಿಲುಗರಿ, ಬಾಳೆದಿಂಡಿನ ಚಂದಿರ. ಎರಡು ಜಡೆಯ ಒಂದು ಪುಟಾಣಿ ಬಂದು ಅವನ ಬೆರಳು ಹಿಡಿದುಕೊಂಡಿತು.

"ನೀವು ತರಕಾರಿ ಅಂಕಲ್ ಅಲ್ವಾ? ನಾನು ರಕ್ಷಾ. ಇದು ನಿಮ್ಮ ಹಾಗಲಕಾಯಿ. ಸೈಕಲ್ ಚಕ್ರ ಮಾಡಿದೀನಿ."

ಸೈಕಲ್ಲಿನ ಪಕ್ಕದಲ್ಲೇ ಗೋಡೆಗೆ ವರ್ಷದ ಪಾಠಪಟ್ಟಿ ಅಂಟಿಸಿತ್ತು. ಮಹದೇವ್ ಸುಮ್ಮನೆ ಓದಿದ. ಜೂನ್: ತರಕಾರಿ ಅಚ್ಚು, ಎರಡು ವಾರ. ಜುಲೈ: ಕಾಗದದ ಮಡಿಕೆ. ಆಗಸ್ಟ್: ಜೇಡಿಮಣ್ಣು.

ಇನ್ನೊಮ್ಮೆ, ಗಟ್ಟಿಯಾಗಿಯೇ ಓದಿದ. ಇವತ್ತು ಆಗಸ್ಟ್ ಕೊನೆ.

"ಹೂಂ ಅಂಕಲ್," ಅಂದಳು ರಕ್ಷಾ, ದೊಡ್ಡವರಂತೆ ದನಿ ತಗ್ಗಿಸಿ. "ಹೆಡ್ ಮೇಡಂ ಮಿಸ್‌ಗೆ ಬೈದ್ರು. ಇನ್ನೂ ಎಷ್ಟು ವಾರ ತರಕಾರಿ ಅಂತ. ಮಕ್ಕಳಿಗೆ ಇನ್ನೂ ಬಂದಿಲ್ಲ ಮೇಡಂ ಅಂದ್ರು ಮಿಸ್. ಸುಳ್ಳು! ನಮಗೆ ಬೇಗ್ನೇ ಬಂದ್ಬಿಟ್ಟಿತ್ತು."

ಕೋಣೆಯ ಮಧ್ಯದಲ್ಲಿ ಉದ್ದನೆಯ ಬಿಳಿ ಬಟ್ಟೆ ಹಾಸಿ, ಬಂದವರೆಲ್ಲ ಒಂದೊಂದು ಅಚ್ಚು ಒತ್ತಲಿ ಅಂತ ಇಟ್ಟಿದ್ದರು. ಅದರ ಹಿಂದೆ ಸ್ಪಂದನ ನಿಂತಿದ್ದಳು, ಆಕಾಶನೀಲಿ ಸೀರೆಯಲ್ಲಿ. ಅವನು ಬರುವುದನ್ನು ನೋಡಿ, ಇಲ್ಲದ ಕೆಲಸ ಹುಡುಕಿ ಬಣ್ಣದ ಸ್ಪಂಜು ಒದ್ದೆ ಮಾಡಿದಳು. ಕತ್ತರಿಸಿದ ಬೆಂಡೆಕಾಯಿಯೊಂದನ್ನು ಅವನ ಕೈಗಿಟ್ಟಳು.

"ಮೆಲ್ಲಗೆ ಒತ್ತಿ. ಜಾರಿಸ್ಬೇಡಿ. ಮೂರು ಎಣಿಸಿ, ನೇರ ಎತ್ತಿ."

ಅವನು ಒತ್ತಿದ. "ಗೋಡೆ ಮೇಲೆ ಪಟ್ಟಿ ನೋಡಿದೆ ಮಿಸ್."

ಅವಳ ಕಿವಿ ಕೆಂಪಾಯಿತು.

"ಎರಡೇ ವಾರ ಅಂತಿದೆ. ಮಕ್ಕಳಿಗೆ ಇನ್ನೂ ಬಂದಿಲ್ವಂತೆ?"

"ಮಕ್ಕಳಿಗೆ ಬಂತು," ಅಂದಳು ಸ್ಪಂದನ, ಬಟ್ಟೆಯ ಮೇಲಿನ ಕಣ್ಣು ಎತ್ತದೆ. "ಅಂಗಡಿಯವರಿಗೇ ಬಂದಿರ್ಲಿಲ್ಲ."

ಮಹದೇವನಿಗೆ ನಗು ಬಂತು. "ಬಂದಿತ್ತು ರೀ. ಬಾಯಿಗೆ ಬಂದಿರ್ಲಿಲ್ಲ ಅಷ್ಟೇ. ನಾನು ಜಾಸ್ತಿ ಓದಿದೋನಲ್ಲ. ನೀವು ಮಿಸ್ಸು, ನಾನು ತಕ್ಕಡಿ ಹಿಡಿಯೋನು ಅಂತ ಸುಮ್ನಿದ್ದೆ. ಆದ್ರೆ ನೀವು ಬರದೇ ಇರೋ ಬುಧವಾರ ನನಗೆ ಬೇಡ. ನಿಮಗೆ ತರಕಾರಿ ಬೇಡದಿದ್ರೂ ಬನ್ನಿ. ನನಗೋಸ್ಕರ ಬನ್ನಿ."

"ಅಂಕಲ್, ಮೂರು ಆಯ್ತು! ಎತ್ತಿ!" ಅಂತ ಸಾಲಿನಲ್ಲಿದ್ದ ಮಕ್ಕಳೆಲ್ಲ ಕೂಗಿದರು.

ಎತ್ತಿದ. ಅಷ್ಟು ಹೊತ್ತು ಒತ್ತಿ ಹಿಡಿದದ್ದಕ್ಕೆ ಹೂವು ದಪ್ಪಗೆ ಮೂಡಿ, ಹಿಂದಿನ ಸಾಲಿನ ಹೂವಿಗೆ ಎಸಳು ತಾಗಿಸಿಕೊಂಡು ಕೂತಿತ್ತು. ಸ್ಪಂದನ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹೆಡ್ ಮೇಡಂ ಕರೆದರು. ಹೋಗುವಾಗ ಒಂದೇ ಒಂದು ಸಲ ತಿರುಗಿದಳು. ಆ ನೋಟಕ್ಕೆ ಹೂಂ ಅಂತ ಅರ್ಥವೋ ಇಲ್ಲವೋ ಅಂತ ಅವನು ನಾಲ್ಕು ದಿನ ತಲೆ ಕೆಡಿಸಿಕೊಂಡ.

ಬುಧವಾರ ಸಂಜೆ ಐದೂವರೆಗೆ ಬಲಿತ ಕಾಯಿಗಳ ಬುಟ್ಟಿ ತುಂಬಿಸಿಟ್ಟು ಕೂತ. ಯಾರಿಗೂ ಬೇಡದ ಬುಟ್ಟಿ. ಆರಾಯಿತು. ಆರೂಕಾಲಾಯಿತು. ಶಿವಗಂಗಮ್ಮ ಹಿಂದೆ ಕೂತು ಹುರುಳಿಕಾಯಿ ಬಿಡಿಸುತ್ತಾ ಮಗನ ಬೆನ್ನನ್ನೇ ನೋಡುತ್ತಿದ್ದರು.

ಆಗ ತಿರುವಿನಲ್ಲಿ ಹಳದಿ ಬಣ್ಣ ಕಂಡಿತು.

ಸ್ಪಂದನ ಇಳಿದವಳೇ ಬುಟ್ಟಿಯ ಕಡೆ ನೋಡಲಿಲ್ಲ. ದೊಡ್ಡ ರಾಶಿಗೆ ಕೈ ಹಾಕಿ ಒಂದು ಬೆಂಡೆಕಾಯಿ ಎತ್ತಿದಳು. ಚಟ್. ಇನ್ನೊಂದು. ಚಟ್.

"ಬಲಿತದ್ದು ಈ ಕಡೆ ಎತ್ತಿಟ್ಟಿದೀನಿ," ಅಂದ ಮಹದೇವ್.

"ಬೇಡ. ಇವತ್ತು ಎಳೇದು ಬೇಕು. ಮನೆಗೆ, ಪಲ್ಯಕ್ಕೆ."

"ಅಪ್ಪ ಬೇರೆಯವರು ಆರಿಸಿದ್ದು ತಿನ್ನಲ್ಲ ಅಂದಿದ್ರಿ?"

"ತಿನ್ನಲ್ಲ. ಆದ್ರೆ ಇವತ್ತು ತಿಂದು, ಯಾರಮ್ಮಾ ಇಷ್ಟು ಚೆನ್ನಾಗಿ ಆರಿಸಿದ್ದು ಅಂತ ಅವರೇ ಕೇಳ್ಬೇಕು. ಕೇಳಿದ್ರೆ ಹೇಳಿಬಿಡ್ತೀನಿ."

"ಏನಂತ?"

"ಮಹದೇವ್ ಅಂತ."

ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು. ಹಿಂದೆ ಹುರುಳಿಕಾಯಿ ಬಿಡಿಸುವ ಸದ್ದು ನಿಂತುಹೋಯಿತು.

ಮಹದೇವ್ ತಟ್ಟೆ ತೆಗೆದುಕೊಂಡು ರಾಶಿಯ ಮುಂದೆ ಕೂತ. ನೀಲಿ ಹೂವಿನ ರೇಟ್ ಬೋರ್ಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದೊಂದೇ ಕಾಯಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ತುದಿ ಮುರಿದು ನೋಡತೊಡಗಿದ.

"ಬೇಗ, ಕತ್ತಲಾಗ್ತಿದೆ," ಅಂದಳು ಸ್ಪಂದನ. ಅವಳ ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ.

"ಇರಿ," ಅಂದ ಅವನು. "ಈ ಸಲ ಕೇಳಿದ್ದನ್ನೇ ಕೊಡ್ತೀನಿ."